ಸೂಪರ್ ಕ್ಯಾರಿಯ ಮುಂದಿನ ಸ್ಟ್ರಟ್‌ಗಳನ್ನು ಅಂಗಳದಲ್ಲೇ ಬದಲಿಸಿದ್ದು

ನಮ್ಮ ಮನೆಯ ಮಾರುತಿ ಸೂಪರ್ ಕ್ಯಾರಿ, ಜೇವರ್ಗಿ ಕಡೆಯ ಹೊಲಗಳಿಂದ ಕಲಬುರಗಿಯ ನೆಹರು ಗಂಜಿಗೆ ತೊಗರಿ ಚೀಲಗಳನ್ನು ಹೊತ್ತು ತರುವ ಗಾಡಿ. ಈ ಸಲದ ರಾಶಿ ಮುಗಿಯುವ ಹೊತ್ತಿಗೆ ಅದರ ಮುಂದಿನ ಎಡ ಟೈರಿನ ಮೇಲೆ ಕೈಯಾಡಿಸಿದರೆ ತಗ್ಗು ದಿಣ್ಣೆಗಳು ಸಿಗುತ್ತಿದ್ದವು. ಬ್ರೇಕ್ ಒತ್ತಿದರೆ ಗಾಡಿಯ ಮೂತಿ ನೆಲಕ್ಕೆ ಬಾಗುತ್ತಿತ್ತು, ಸ್ಟ್ರಟ್‌ನ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಮುಂದಿನ ಗಾಲಿಯ ಕಂಬದ, ಕೊಳವೆಯ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ನಮ್ಮ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆಅಲೆಯಾಗಿ ಏಳುತ್ತದೆ. ತಗ್ಗು ಒಮ್ಮೆ ಹೊಡೆದು ಬಿಡುತ್ತದೆ; ಈ ಅಲೆಗಳಾದರೋ ಮೈಲುಗಟ್ಟಲೆ ಸ್ಟ್ರಟ್‌ಗೆ ಬಿಡುವನ್ನೇ ಕೊಡದೆ ಒಳಗಿನ ಎಣ್ಣೆಯನ್ನು ಕಾಯಿಸುತ್ತಲೇ ಇರುತ್ತವೆ. ಗುಂಡಿಗಳಿಗಿಂತ ಇವೇ ಹೆಚ್ಚು ಹಾನಿ ಮಾಡುತ್ತವೆ ಎಂಬುದು ನನ್ನ ಅನುಭವ.

ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಬಲಗಡೆಯ ಸ್ಟ್ರಟ್ ಮಾತ್ರ ಬದಲಿಸಿ, ದಂಡ ಪೂರ್ತಿ ಒಳಗಿಳಿದು ಬಡಿಯದಂತೆ ಕಾಯುವ ಹಳೆಯ ರಬ್ಬರ್ ತಡೆಯನ್ನೇ ಮತ್ತೆ ಕೂರಿಸಿ ಕಳಿಸಿದ್ದರು. ಅಂದಿನಿಂದ ಗಾಡಿ ಒಂದು ಕಡೆಗೆ ಎಳೆಯತೊಡಗಿತು. ಈ ಗಾಡಿಯ ಹಿಂಭಾಗದಲ್ಲಿರುವುದು ಪಟ್ಟಿ ಸ್ಪ್ರಿಂಗ್. ಅಲ್ಲಿ ಶಾಕ್ ಅಬ್ಸಾರ್ಬರ್ ಸೋತರೂ ಗಾಲಿಯನ್ನು ಹಿಡಿದಿಡುವ ಕೆಲಸ ಪಟ್ಟಿಗಳದ್ದೇ. ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ, 1983ರ ಮಾರುತಿ 800ರಲ್ಲಿಯೂ ಇದ್ದ ಈ ಏರ್ಪಾಡಿನಲ್ಲಿ ಸ್ಪ್ರಿಂಗನ್ನು ಹೊರುವುದು, ಕುಲುಕಾಟವನ್ನು ತಡೆಯುವುದು, ಗಾಲಿಯ ಓರೆಯನ್ನು ಕಾಯುವುದು, ಸ್ಟಿಯರಿಂಗ್ ಜೊತೆ ತಿರುಗುವುದು ಎಲ್ಲವೂ ಒಂದೇ ಕಂಬದ ಪಾಲಿಗೆ ಬರುತ್ತವೆ. ಆದ್ದರಿಂದಲೇ ಎರಡೂ ಬದಿಯವನ್ನು ಒಟ್ಟಿಗೆ ಬದಲಿಸಬೇಕೆಂದು ನಾನು ಹಟ ಹಿಡಿದೆ.

ಬಿಸಿಲೇರುವ ಮುನ್ನವೇ ಮುಗಿಸಲೆಂದು ನಸುಕಿನಲ್ಲಿ ಕೆಲಸ ಆರಂಭಿಸಿದೆವು. ನಮ್ಮ ಅಂಗಳಕ್ಕೆ ಹಾಸಿರುವುದು ಶಹಾಬಾದಿ ಫರ್ಸಿ. ಅಡಿಯಲ್ಲಿ ಮಣ್ಣು ಕುಸಿದಿದ್ದರೆ ಜಾಕಿನ ಭಾರಕ್ಕೆ ಕಲ್ಲು ಸೀಳುತ್ತದೆ. ಆದ್ದರಿಂದ ಒಂದೊಂದೇ ಕಲ್ಲನ್ನು ಬಡಿದು, ಪೊಳ್ಳು ಸದ್ದು ಬಾರದ ಜಾಗವನ್ನು ಆರಿಸಿ, ಅದರ ಮೇಲೆ ದಪ್ಪ ಹಲಗೆಯಿಟ್ಟು ಸ್ಟ್ಯಾಂಡುಗಳನ್ನು ನಿಲ್ಲಿಸಿದೆವು. ಹಿಂದಿನ ಗಾಲಿಗಳಿಗೆ ಕಲ್ಲು ಒತ್ತಿಟ್ಟೆವು. ಬರಿಯ ಜಾಕನ್ನು ನಂಬಿ ಗಾಡಿಯಡಿಗೆ ಕೈ ಹಾಕುವುದನ್ನು ನಾನು ಎಂದಿಗೂ ಒಪ್ಪಲಾರೆ.

ಗಾಲಿ ಬಿಚ್ಚಿದ ಮೇಲೆ, ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟುಗಳು ಕುಳಿತಿದ್ದ ಜಾಗವನ್ನು ಮೊದಲು ಬಣ್ಣದಿಂದ ಗುರುತು ಮಾಡಿಕೊಂಡೆ. ಬ್ರೇಕಿನ ಪೈಪನ್ನು ಅದರ ಹಿಡಿಕೆಯಿಂದ ಬಿಡಿಸಿ, ಬೋಲ್ಟು ಕಳಚಿದ ಕೂಡಲೇ ಗಾಲಿಯ ಗುಂಭ ವಾಲಿ ಪೈಪನ್ನು ಜಗ್ಗದಂತೆ ತಂತಿಯಿಂದ ಕಟ್ಟಿದೆ. ಮೇಲಿನ ನಟ್ಟುಗಳನ್ನು ತೆಗೆದಾಗ ಸ್ಟ್ರಟ್ ಸ್ಪ್ರಿಂಗಿನ ಸಮೇತ ಕೈಗೆ ಬಂತು.

ಮನೆಯಲ್ಲಿ ಈ ಕೆಲಸಕ್ಕೆ ಇಳಿಯುವವರು ಹೆದರಬೇಕಾದದ್ದು ಇಲ್ಲಿಂದ ಮುಂದೆ. ಒತ್ತಿ ಕುಳಿತಿರುವ ಸ್ಪ್ರಿಂಗನ್ನು ಮೇಲಿನ ನಡುವಣ ನಟ್ಟೊಂದೇ ತಡೆದಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕೊಕ್ಕೆಗಳ ಸಾಧನ, ಸ್ಪ್ರಿಂಗ್ ಕಂಪ್ರೆಸರ್, ಹಾಕದೆ ಆ ನಟ್ಟನ್ನು ಬಿಚ್ಚಿದರೆ ಎದುರಿಗಿದ್ದವರ ಜೀವಕ್ಕೇ ಕುತ್ತು. ಅದರ ಕೊಕ್ಕೆಗಳ ಜೋಡಿಯನ್ನು ಎದುರುಬದುರಾಗಿ ಕೂರಿಸಿ, ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು ಎಂದು ಸಮವಾಗಿ ಕೈಯಿಂದಲೇ ತಿರುಗಿಸುತ್ತ ಹೋದೆ. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಕಾಕಾ, "ಮಾರಿ ಮುಂದ ತರಬ್ಯಾಡ ತಮ್ಮಾ, ಅದರಾಗ ಗಾಡಿ ಭಾರ ಕುಂತದ" ಎಂದು ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದ್ದರು. ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲಗೊಂಡು ಕೈಯಿಂದ ತಿರುಗುವಂತಾದ ಮೇಲಷ್ಟೇ ನಟ್ಟಿಗೆ ಪಾನಾ ಹಾಕಿದೆ.

ಹೊಸ ಸ್ಟ್ರಟ್ ಅಡ್ಡ ಮಲಗಿ ಬಂದಿತ್ತು. ಒಳಗೆ ಸೇರಿದ ಗಾಳಿ ಎಣ್ಣೆಯಿಂದ ಬೇರ್ಪಡಲೆಂದು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಎಳೆದೆ. ಹಳೆಯದರ ದಂಡ ಒತ್ತಿದರೆ ಸುಮ್ಮನೆ ಒಳಗಿಳಿದು ಅಲ್ಲೇ ಉಳಿಯುತ್ತಿತ್ತು. ದಂಡ ತಿರುಗದಂತೆ ಪಕ್ಕಡಿನಿಂದ ಹಿಡಿಯುವ ಅಭ್ಯಾಸ ಹಲವರಿಗಿದೆ, ಆದರೆ ಅದರ ನುಣುಪಿಗೆ ಒಂದು ಗೀರು ಬಿದ್ದರೂ ಸೀಲ್ ಹರಿದು ಎಣ್ಣೆ ಸೋರುತ್ತದೆ. ನಾನು ತುದಿಯನ್ನು ಅಲೆನ್ ಕೀಲಿಯಿಂದ ಹಿಡಿದೆ. ರಬ್ಬರ್ ತಡೆ, ಧೂಳಿನ ಮುಸುಕು, ಮೇಲಿನ ಬೇರಿಂಗ್ ಎಲ್ಲವನ್ನೂ ಹೊಸದಾಗಿಯೇ ಹಾಕಿದೆ. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕುಳಿತಿದೆಯೇ ಎಂದು ನೋಡಿಕೊಂಡು, ನಡುವಣ ನಟ್ಟನ್ನು ಪೂರ್ತಿ ಬಿಗಿದ ನಂತರ ಕಂಪ್ರೆಸರನ್ನು ಅಷ್ಟೇ ಸಮವಾಗಿ ಸಡಿಲಿಸಿದೆ.

ಮೊದಲ ಬದಿಗೆ ನಾಲ್ಕು ತಾಸು ಹಿಡಿಯಿತು. ಎರಡನೆಯದು ಮರುದಿನ ಎರಡು ತಾಸಿನಲ್ಲಿ ಆಯಿತು. ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಿಂದಲೇ ಬಿಗಿದೆ.

ಬಣ್ಣದ ಗುರುತಿಗೆ ಸರಿಯಾಗಿ ಜೋಡಿಸಿದ್ದರೂ ಗಾಲಿಗಳ ಅಲೈನ್‌ಮೆಂಟ್, ಅಂದರೆ ಅವುಗಳ ನೇರವನ್ನು ಸರಿಪಡಿಸುವ ಕೆಲಸ, ಮಾಡಿಸದೆ ಇರಲಿಲ್ಲ. ಅಲ್ಲಿ ಮುಂದಿನ ಗಾಲಿಗಳು ತುಸು ಹೊರಮುಖವಾಗಿರುವುದು ಕಂಡುಬಂದಿತು, ಅದನ್ನು ಸರಿಪಡಿಸಿಕೊಟ್ಟರು. ತಗ್ಗು ದಿಣ್ಣೆಯಾಗಿದ್ದ ಟೈರನ್ನು ಹಿಂದಕ್ಕೆ ಹಾಕಿಸಿದೆ. ಅಂದು ಸಂಜೆ ಖಾಲಿ ಗಾಡಿಯಲ್ಲಿ ಜೇವರ್ಗಿ ರಸ್ತೆಗೆ ಹೋದಾಗ, ಅಲೆಯೊಂದನ್ನು ದಾಟಿದ ಮೂತಿ ಒಮ್ಮೆ ಎದ್ದು ಇಳಿದು ಅಲ್ಲಿಗೇ ನಿಂತಿತು.