ಗುಲಾಬಿ ಡಬ್ಬಿ

ಕ್ಯಾಲಿಫೋರ್ನಿಯದ ಲಾಂಗ್ ಬೀಚಿನ ಡೋನಟ್ ಅಂಗಡಿಯ ಕಾಂಬೋಡಿಯದ ಅಜ್ಜಿ ಇಂದು ಗುಲಾಬಿ ಡಬ್ಬಿಗೆ ಒಂದು ಡಜನ್ ತುಂಬುವಾಗ ಎರಡು ಸಲ ಎಣಿಕೆ ತಪ್ಪಿದರು. ಮಗ ವಲಸೆ ಕಚೇರಿಗೆ ಹಾಜರಿ ಹಾಕಲು ಹೋಗಿದ್ದಾನಂತೆ. ಕೆಲವರು ಅಲ್ಲಿಂದ ಹಿಂತಿರುಗುವುದೇ ಇಲ್ಲ.

ಅವನು ಹುಟ್ಟಿದ್ದು ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ; ಕಾಂಬೋಡಿಯದ ನೆಲವನ್ನೇ ಮೆಟ್ಟಿದವನಲ್ಲ. ಹದಿಹರೆಯದಲ್ಲಿ ಪುಂಡರ ಗುಂಪು, ಹೊಡೆದಾಟ, ಜೈಲು. ಶಿಕ್ಷೆ ಮುಗಿದು ಇಪ್ಪತ್ತು ವರ್ಷವಾಯಿತು. ಆದರೆ ಪೌರತ್ವವಿಲ್ಲದವರನ್ನು ಗಡೀಪಾರು ಮಾಡಲು ಅಮೆರಿಕದ 1996ರ ಕಾನೂನು ಹಳೆಯ ಅಪರಾಧಗಳನ್ನೂ ಕೆದಕುತ್ತದೆ. ಇಂಥವರನ್ನು ವಾಪಸು ಪಡೆಯಲು ಕಾಂಬೋಡಿಯ 2002ರಲ್ಲಿ ಒಪ್ಪಿದೆ. ಎಂದೂ ಕಾಣದ ಊರಿಗೆ ಅದೆಂಥ ವಾಪಸು?

ನನ್ನ ಗ್ರೀನ್ ಕಾರ್ಡ್ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ. ನಾಚಿಕೆಯೂ ಆಯಿತು.

ಮನೆಗೆ ಬಂದು ಡಬ್ಬಿ ತೆರೆದರೆ ಹದಿಮೂರು ಇದ್ದವು.