ಟಿಪ್ಪುನ ಕೊಂದವರು ಯಾರು ಅಂತ ಕೇಳುವವರೆಲ್ಲರಿಗೂ

ಹೆಸರು ಯಾರಿಗೂ ಗೊತ್ತಿಲ್ಲ. ಇದೇ ಉತ್ತರ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಹೋಗಿ ಊಟ ಮಾಡಿ.

ಸಾಲದು ಅನ್ನುವವರಿಗೆ ಈ ಬರಹ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಮ್ಮ ಮನೆ ಇರುವುದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಆವತ್ತು ನಾನು ಬಾಗಿಲಿಗೆ ರಂಗೋಲಿ ಹಾಕುತ್ತಾ ಎಲ್ಲ ನೋಡಿದ್ದೆ ಅನ್ನುವ ಹಾಗೆ ಕೇಳುತ್ತಾರೆ. ಅದರ ಮೇಲೆ, ನಾನು ಕೋರ್ಟಿನಲ್ಲಿ ಸ್ಟೆನೋ ಆಗಿ ರಿಟೈರ್ ಆದವಳು. ಕಟಕಟೆಯಲ್ಲಿ ನಿಂತವರ ಹೇಳಿಕೆ ಟೈಪ್ ಮಾಡುವುದೇ ಕೆಲಸ. ‘ನಿಮಗೆ ಸಾಕ್ಷಿಗಳನ್ನ ನೋಡಿ ಅಭ್ಯಾಸ ಇದೆಯಲ್ಲ, ನೀವೇ ಹೇಳಿ’ ಅನ್ನುತ್ತಾರೆ. ಹೇಳಿದರೆ ಕೇಳುತ್ತಾರಾ? ಇಲ್ಲ.

ಇಲ್ಲ ಅಂತ ಗೊತ್ತಾಗುವುದು ಅವರು ಕೇಳುವ ರೀತಿಯಲ್ಲೇ. ‘ಟಿಪ್ಪುಗೆ ದ್ರೋಹ ಮಾಡಿದ್ದು ಯಾರು?’ ಅಂತ ಶುರು ಮಾಡುವವರಿಗೆ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಹೆಸರು ಬೇಕು. ‘ನಿಜ ಇತಿಹಾಸ ಮುಚ್ಚಿಟ್ಟಿದ್ದಾರಂತೆ, ಹೌದಾ?’ ಅನ್ನುವವರಿಗೆ ಉರಿಗೌಡ, ನಂಜೇಗೌಡ ಬೇಕು. ‘ಬ್ರಿಟಿಷರಿಗೆ ಅವನ ಹೆಣವೇ ಸಿಗಲಿಲ್ಲ ಅಲ್ವಾ?’ ಅಂತ ಪಿಸುಗುಟ್ಟಿದವರೂ ಇದ್ದಾರೆ. ಇವರೆಲ್ಲ ತೀರ್ಪು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನನ್ನಿಂದ ಬೇಕಾಗಿರುವುದು ಸೀಲು ಮಾತ್ರ.

2023ರಲ್ಲಂತೂ ತಲೆ ಚಿಟ್ಟು ಹಿಡಿದುಹೋಯಿತು. ವಿಧಾನಸಭೆ ಚುನಾವಣೆ ಹತ್ತಿರ ಇತ್ತು. ಟಿಪ್ಪುವನ್ನು ಕೊಂದಿದ್ದು ಇಬ್ಬರು ಗೌಡರು ಅನ್ನುವ ಮಾತು ಊರೆಲ್ಲ ಹಬ್ಬಿತ್ತು. ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಆ ಹೆಸರಿನ ಕಮಾನೇ ಎದ್ದಿತು, ಗಲಾಟೆಯಾದ ಮೇಲೆ ತೆಗೆದರು. ಸಿನಿಮಾ ಮಾಡುತ್ತೇವೆ ಅಂದರು, ಆದಿಚುಂಚನಗಿರಿ ಸ್ವಾಮೀಜಿ ಮಾತಾಡಿದ ಮೇಲೆ ಕೈಬಿಟ್ಟರು. ಅಷ್ಟರಲ್ಲಿ ನಾನು ಹಾಲು ತರಲು ಹೋದರೂ ಪ್ರಶ್ನೆ, ಬ್ಯಾಂಕಿಗೆ ಹೋದರೂ ಪ್ರಶ್ನೆ.

ಆ ವರ್ಷವೇ ಪಾಂಡವಪುರದ ಕಡೆ ಒಂದು ಬೀಗರೂಟ. ಪಂಕ್ತಿಯಲ್ಲಿ ಕೂತಿದ್ದೇನೆ. ಎಲೆ ಮೇಲೆ ಮುದ್ದೆ ಬಂತು, ಬಾಡಿನ ಸಾರು ಬಂತು, ಬೋಟಿ ಗೊಜ್ಜು ಬರುತ್ತಿದೆ. ಪಕ್ಕದಲ್ಲಿ ಹುಡುಗನ ಕಡೆಯ ಒಬ್ಬ ಯಜಮಾನರು. ಮೊದಲ ತುತ್ತು ಇಳಿಯುವುದಕ್ಕೆ ಮುಂಚೆ ನನ್ನ ಕಡೆ ಬಾಗಿದರು.

‘ಅಕ್ಕಯ್ಯಾ, ನೀವು ನಮ್ಮೋರೇ ಅಲ್ವಾ. ನಿಜ ಹೇಳ್ಬುಡಿ. ಉರಿಗೌಡ ನಂಜೇಗೌಡ್ರು ತಾನೆ?’

‘ಕಂಡೋರು ಯಾರು?’ ಅಂದೆ.

‘ಎಲ್ಲಾರೂ ಅಂತಾವ್ರಲ್ಲ.’

‘ಅನ್ನೋರು ಬ್ಯಾಡ. ಕಂಡೋರು ಯಾರು?’

ಅವರು ಮುಖ ಸಣ್ಣ ಮಾಡಿಕೊಂಡರು. ‘ನಮ್ಮೋರೇ ಹಿಂಗಂದ್ರೆ ಹೆಂಗೆ’ ಅಂತ ಗೊಣಗಿ ಸಾರು ಹಾಕಿಸಿಕೊಂಡರು. ನನ್ನ ಜಾತಿ ನೋಡಿಕೊಂಡು ಸಾಕ್ಷಿ ಹೇಳಬೇಕಂತೆ. 1799ರಲ್ಲಿ ಇದ್ದವರು ಬರೆದದ್ದನ್ನು ಇಂಗ್ಲಿಷಿನಲ್ಲೋ ಅನುವಾದದಲ್ಲೋ ಸಿಕ್ಕಷ್ಟು ಓದಿದ್ದೇನೆ. ಅದರಲ್ಲಿ ಎಲ್ಲೂ ಈ ಎರಡು ಹೆಸರು ನನಗೆ ಕಂಡಿಲ್ಲ. ಅಷ್ಟೇ ವಿಷಯ. ಇದರಲ್ಲಿ ಗೌಡರಿಗೆ ಅವಮಾನವೂ ಇಲ್ಲ, ಸನ್ಮಾನವೂ ಇಲ್ಲ.

ಆದರೆ ನನಗೆ ಸಿಟ್ಟು ಬರಿಸಿದ್ದು ಅವರಲ್ಲ. ಎದುರು ಪಂಕ್ತಿಯಿಂದ ಇನ್ನೊಬ್ಬರು, ಇಸ್ತ್ರಿ ಮಾಡಿದ ಶರಟು, ನಗುತ್ತಾ ಹೇಳಿದರು: ‘ಮೇಡಂ, ಆ ಇಂಗ್ಲಿಷರಲ್ಲೇ ಒಬ್ಬೊಬ್ಬ ಒಂದೊಂದು ಬರೆದಿದ್ದಾನೆ. ಒಬ್ಬನ ಮಾತು ಇನ್ನೊಬ್ಬನ ಮಾತಿಗೆ ಕೂಡಲ್ಲ. ಅಲ್ಲಿಗೆ ಎಲ್ಲಾ ಬೋಗಸ್ ಅಂತಾಯ್ತಲ್ಲ.’

ಇದು ವಿದ್ಯಾವಂತರ ಕಾಯಿಲೆ. ಸಾಕ್ಷಿಗಳ ಮಾತು ಕೂಡದಿದ್ದರೆ ಘಟನೆಯೇ ಸುಳ್ಳು ಅನ್ನುವುದು. ಸ್ವಾಮಿ, ಟೈಟಾನಿಕ್ ಹಡಗು ಮುಳುಗುವಾಗ ಎರಡು ತುಂಡಾಯಿತು ಅಂತ ಬದುಕುಳಿದವರಲ್ಲಿ ಎಷ್ಟೋ ಜನ ಹೇಳಿದರು, ಇಲ್ಲ, ಇಡಿಯಾಗೇ ಹೋಯಿತು ಅಂತ ಮಿಕ್ಕವರು ಹೇಳಿದರು. 1912ರಲ್ಲಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ವಿಚಾರಣೆ ನಡೆಯಿತು. ಎರಡೂ ಕಡೆ ಇಡಿಯಾಗೇ ಮುಳುಗಿತು ಅಂತ ತೀರ್ಮಾನಿಸಿದರು. 1985ರಲ್ಲಿ ಹಡಗು ಸಮುದ್ರದ ತಳದಲ್ಲಿ ಸಿಕ್ಕಿತು, ಎರಡು ತುಂಡಾಗಿ. ಸಾಕ್ಷಿಗಳು ಜಗಳವಾಡಿದರು ಅಂತ ಹಡಗು ಮುಳುಗಲೇ ಇಲ್ಲ ಅನ್ನುತ್ತೀರಾ? ಇದನ್ನು ಅಲ್ಲೇ ಹೇಳಿದೆ. ಅವರು ಬೋಟಿ ಕೇಳಿದರು.

ನಮ್ಮ ಕೋರ್ಟುಗಳಿಗೂ ಇದು ಹೊಸದಲ್ಲ. ಮನುಷ್ಯನ ನೆನಪು ವಿಡಿಯೋ ಟೇಪಿನ ಹಾಗೆ ತಿರುಗಿಸಿ ಹಾಕುವುದಲ್ಲ, ಗಂಟೆ ನಿಮಿಷದ ಲೆಕ್ಕ ಜನ ಅಂದಾಜಿನ ಮೇಲೆ ಹೇಳುತ್ತಾರೆ ಅಂತ ಸುಪ್ರೀಂ ಕೋರ್ಟೇ 1983ರಲ್ಲಿ ಬರೆದಿದೆ. ಇಷ್ಟೇ ಜನ ಸಾಕ್ಷಿಗಳು ಇರಬೇಕು ಅನ್ನುವ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, 2024ರ ಜುಲೈ 1ರಿಂದ ಬಂದಿರುವ ಹೊಸ ಕಾಯ್ದೆಯಲ್ಲೂ ಇಲ್ಲ. ಹತ್ತು ಜನ ಕೇಳಿ ಬಂದವರಿಗಿಂತ ನಿಂತು ನೋಡಿದವನು ಒಬ್ಬ ಸಾಕು. ಆ ಒಬ್ಬನನ್ನು ನಂಬಬಹುದಾ ಅನ್ನುವುದೇ ಕೆಲಸ.

ಸರಿ, ಆವತ್ತು ಯಾರು ಏನು ಕಂಡರು?

ಮಧ್ಯಾಹ್ನ 1 ಗಂಟೆಯ ಮೇಲೆ ಬ್ರಿಟಿಷರ ಜನರಲ್ ಬೇರ್ಡ್‌ನ ಪಡೆ ಕಾವೇರಿ ದಾಟಿ, ಕೋಟೆಯ ವಾಯವ್ಯ ಮೂಲೆಯಲ್ಲಿ ಫಿರಂಗಿ ಒಡೆದಿದ್ದ ಗೋಡೆ ಹತ್ತಿತು. ಟಿಪ್ಪು ಉತ್ತರದ ಗೋಡೆಯ ಮೇಲಿದ್ದ. ಅಲ್ಲಿಂದ ಹಿಂದೆ ಸರಿಯುತ್ತಾ ಒಳಕೋಟೆಯ ಬಾಗಿಲಿಗೆ ಬಂದ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ಕತ್ತಲಾದ ಮೇಲಿನದಕ್ಕೆ ಒಳ್ಳೆಯ ಸಾಕ್ಷಿ ಬ್ರಿಟಿಷ್ ಸೈನ್ಯದ ಮೇಜರ್ ಅಲನ್. ಟಿಪ್ಪು ಎಲ್ಲಿ ಅಂತ ಗದರಿಸಿದಾಗ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಕತ್ತಿಯ ಹಿಡಿ ಮುಟ್ಟಿ ಆಣೆ ಮಾಡಿ, ಅರಮನೆಯಲ್ಲಿಲ್ಲ, ಉತ್ತರದ ಬಾಗಿಲಲ್ಲಿ ಗಾಯಗೊಂಡು ಬಿದ್ದಿದ್ದಾನೆ ಅಂದ. ಪಂಜು ಹಿಡಿದು ಹೋದರು. ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು, ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಪಲ್ಲಕ್ಕಿಯ ಕೆಳಗೆ ಗಾಯಾಳು ಒಬ್ಬ ಇನ್ನೂ ಉಸಿರಾಡುತ್ತಿದ್ದ. ಅವನೇ ರಾಜಾ ಖಾನ್, ಟಿಪ್ಪುವಿನ ನಂಬಿಕೆಯ ಸೇವಕ. ಅವನು ತೋರಿಸಿದ ಜಾಗದಲ್ಲಿ ದೇಹ ಸಿಕ್ಕಿತು. ಕಣ್ಣು ತೆರೆದಿತ್ತು, ಮೈ ಬೆಚ್ಚಗಿತ್ತು. ಅಲನ್‌ಗೂ ಜೊತೆಗಿದ್ದ ಕರ್ನಲ್ ವೆಲ್ಲೆಸ್ಲಿಗೂ ಒಂದು ಕ್ಷಣ ಇವನು ಬದುಕಿದ್ದಾನಾ ಅಂತಲೇ ಅನುಮಾನ. ನಾಡಿ ಹಿಡಿದು, ಎದೆ ಮುಟ್ಟಿ ನೋಡಿದರು. ನಾಲ್ಕು ಗಾಯ. ಮೈ ಮೇಲೆ ಮೂರು, ಕಪಾಲದಲ್ಲಿ ಒಂದು. ಗುಂಡು ಬಲಗಿವಿಯ ಸ್ವಲ್ಪ ಮೇಲೆ ಹೊಕ್ಕು ಕೆನ್ನೆಯಲ್ಲಿ ನಿಂತಿತ್ತು.

ಚೆನ್ನಾಗಿ ಬರೆದಿದ್ದಾನೆ. ಆದರೆ ಅಲನ್ ಯಾವುದಕ್ಕೆ ಸಾಕ್ಷಿ? ಶವ ಪಂಚನಾಮೆಗೆ. ಕೊಂದದ್ದನ್ನು ಅವನು ನೋಡಿಲ್ಲ, ನೋಡಿದೆ ಅಂತಲೂ ಹೇಳಿಲ್ಲ. ಇಲ್ಲಿಗೆ ಬರುವ ನೆಂಟರು ಕಂಬಿ ಬೇಲಿಯ ಹತ್ತಿರ ಸೆಲ್ಫಿ ತೆಗೆದುಕೊಳ್ಳುತ್ತಾರಲ್ಲ, ಆ ಕಲ್ಲಿನ ಮೇಲೂ ಟಿಪ್ಪುವಿನ ದೇಹ ಇಲ್ಲಿ ಸಿಕ್ಕಿತು ಅಂತಷ್ಟೇ ಇದೆ. ಕಲ್ಲು ಕೆತ್ತಿದವರಿಗೆ ಇದ್ದ ಎಚ್ಚರ ಯೂಟ್ಯೂಬಿನವರಿಗೆ ಇಲ್ಲ.

ಇನ್ನು ಕಿರ್ಮಾನಿ, ಟಿಪ್ಪು ಕಾಲದ ಇತಿಹಾಸ ಬರೆದವನು. ಅವನು ಪರ್ಶಿಯನ್ ಭಾಷೆಯಲ್ಲಿ ಬರೆದ. ಅವನ ಪ್ರಕಾರ ಟಿಪ್ಪು ಎದುರು ನಿಂತು ಕೆಲವರನ್ನು ಕೊಂದು, ಮುಖಕ್ಕೆ ಏಟು ತಿಂದು ಬಿದ್ದ. ಟಿಪ್ಪು ಹಿಂದಕ್ಕೆ ಬರಲಾಗದ ಹಾಗೆ ಬಾಗಿಲು ಮುಚ್ಚಿಸಿದ್ದು ಮೀರ್ ಸಾದಿಕ್. ದ್ರೋಹದ ಕಥೆ ಅಷ್ಟು ಬಲವಾಗಿ ನಿಂತಿರುವುದು ಇವನಿಂದ. ಆದರೆ ಆ ಬಾಗಿಲಲ್ಲಿ ಕಿರ್ಮಾನಿ ಇರಲಿಲ್ಲ. ಕೋರ್ಟಿನಲ್ಲಾದರೆ ‘ಕೇಳಿ ತಿಳಿದಿದ್ದು’ ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಮುಖದ ಏಟು ಅನ್ನುವುದು ಕೆನ್ನೆಗೆ ಬಂದು ನಿಂತ ಆ ಗುಂಡಿನ ಸುದ್ದಿಯೇ ಬಾಯಿಂದ ಬಾಯಿಗೆ ಹೋಗಿ ಹೀಗಾಗಿರಬಹುದು ಅಂತ ನನ್ನ ಊಹೆ.

ಉಳಿದವನು ರಾಜಾ ಖಾನ್. ಕಂಡವನು ಅಂತ ಇದ್ದರೆ ಇವನೊಬ್ಬ. ಇವನು ಹೇಳಿದ್ದು ಹೀಗೆ. ಬಾಗಿಲ ಹತ್ತಿರ ಬರುವಾಗ ಟಿಪ್ಪುವಿನ ಬಲಪಕ್ಕೆಗೆ ಗುಂಡು ಬಿತ್ತು, ಬಾಗಿಲಲ್ಲಿ ಇನ್ನೊಂದು. ಕುದುರೆ ಕುಸಿಯಿತು. ‘ನೀವು ಯಾರು ಅಂತ ಹೇಳಿಬಿಡಿ’ ಅಂತ ಇವನು ಬೇಡಿಕೊಂಡ. ‘ನಿನಗೆ ಹುಚ್ಚಾ? ಸುಮ್ಮನಿರು’ ಅಂದ ಟಿಪ್ಪು. ದೊರೆಯನ್ನು ಕಮಾನಿನ ಕೆಳಗೆ ಪಲ್ಲಕ್ಕಿಯಲ್ಲಿ ಒರಗಿಸಿದರು. ಸಿಪಾಯಿಗಳು ಒಳಗೆ ನುಗ್ಗಿದರು. ಒಬ್ಬ ಟಿಪ್ಪುವಿನ ಚಿನ್ನದ ಕತ್ತಿಪಟ್ಟಿಗೆ ಕೈ ಹಾಕಿದ. ಟಿಪ್ಪು ಬಿದ್ದಲ್ಲಿಂದಲೇ ಕತ್ತಿ ಬೀಸಿದ, ಅವನ ಮೊಣಕಾಲ ಹತ್ತಿರ ತಾಗಿತು. ಅವನು ಬಂದೂಕು ಎತ್ತಿ ಕಪಾಲಕ್ಕೆ ಗುಂಡು ಹೊಡೆದ.

ನಂಬಬಹುದಾ? ಪಾಟೀ ಸವಾಲಿಗೆ ನಿಲ್ಲಿಸೋಣ. ಇವನು ಸೋತ ಕಡೆಯವನು, ಗೆದ್ದವರ ಕೈಯಲ್ಲಿ ಸಿಕ್ಕವನು. ದೊರೆಯನ್ನು ಶೂರ ಮಾಡಿ ಹೇಳುವ ಆಸೆ ಇದ್ದೇ ಇರುತ್ತದೆ. ಗೆದ್ದವರಿಗೂ ಶತ್ರು ಶೂರನಾಗಿದ್ದರೆ ಲಾಭವೇ. ಇಷ್ಟು ಅವನ ವಿರುದ್ಧ. ಆದರೆ ಗಾಯಗಳು ತಾಳೆ ಬೀಳುತ್ತವೆ. ಮೈ ಮೇಲೆ ಎರಡೋ ಮೂರೋ ಅನ್ನುವ ವ್ಯತ್ಯಾಸ ಬಿಡಿ, ಕಪಾಲದ ಗುಂಡು ಅಲ್ಲೇ ಇದೆ. ಇನ್ನೊಂದು ನೋಡಿ. ಶರಣಾಗೋಣ ಅಂತ ತಾನೇ ಹೇಳಿದೆ, ದೊರೆಯಿಂದ ಬೈಸಿಕೊಂಡೆ ಅಂತ ಯಾವ ಸೇವಕ ಕಟ್ಟಿ ಹೇಳುತ್ತಾನೆ? ತನ್ನ ಮರ್ಯಾದೆ ಕಳೆಯುವ ಮಾತನ್ನು ಸಾಕ್ಷಿ ತಾನಾಗಿ ಹೇಳಿದಾಗ ಜಡ್ಜ್ ಪೆನ್ನು ನಿಲ್ಲಿಸಿ ತಲೆ ಎತ್ತುವುದನ್ನು ನಾನು ಕಂಡಿದ್ದೇನೆ.

ಹಾಗಾಗಿ ನನ್ನ ಮಟ್ಟಿಗೆ: ಹೆಸರಿಲ್ಲದ ಒಬ್ಬ ಸಿಪಾಯಿ, ಯಾರನ್ನು ಕೊಲ್ಲುತ್ತಿದ್ದೇನೆ ಅಂತ ತಿಳಿಯದೆ, ಒಡವೆಯ ಆಸೆಗೆ. ಆಮೇಲೆ ಅವನು ಬಾಯಿ ಬಿಡಲಿಲ್ಲ ಯಾಕೆ ಅನ್ನುವುದೂ ಅರ್ಥವಾಗುತ್ತದೆ. ಲೂಟಿಯೆಲ್ಲ ಒಂದು ಕಡೆ ಕೂಡಿಸಿ ದರ್ಜೆ ಪ್ರಕಾರ ಹಂಚುವ ಪದ್ಧತಿ ಆ ಸೈನ್ಯದಲ್ಲಿತ್ತು. ನಾನೇ ಕೊಂದೆ ಅಂದರೆ ಮುಂದಿನ ಪ್ರಶ್ನೆ, ‘ಪಟ್ಟಿ ಎಲ್ಲಿ?’

ಆಯಿತಲ್ಲ ನಿಮ್ಮ ಪ್ರಶ್ನೆ. ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ. ರಾಜಾ ಖಾನ್ ಹೇಳಿದ್ದನ್ನು ಬರೆದುಕೊಂಡವರು ಯಾರು?

ಟೈಪ್ ಮಾಡಿದವಳಿಗೆ ಮಾತ್ರ ಗೊತ್ತು ಇದರ ಬೆಲೆ. ನಮ್ಮ ಕಡೆಯ ಹಳ್ಳಿಯವನು ಕಟಕಟೆಯಲ್ಲಿ ನಿಂತು ‘ಇವ್ನೇ ಬುದ್ಧಿ, ಎತ್ತಿ ಬುಟ್ಟ, ಅವ್ನು ಅಲ್ಲೇ ಬಿದ್ಬುಟ್ಟ’ ಅನ್ನುತ್ತಾನೆ. ಜಡ್ಜ್ ಡಿಕ್ಟೇಟ್ ಮಾಡುತ್ತಾರೆ: ‘ಆರೋಪಿಯು ಮಚ್ಚಿನಿಂದ ಹಲ್ಲೆ ಮಾಡಿದ ಪರಿಣಾಮ ಮೃತನು ಸ್ಥಳದಲ್ಲೇ ಕುಸಿದು ಬಿದ್ದನು.’ ಮಚ್ಚು ಎಲ್ಲಿಂದ ಬಂತು? ಅವನು ಕೈ ಎತ್ತಿ ತೋರಿಸಿದ್ದರಲ್ಲಿತ್ತು. ಪಾಟೀ ಸವಾಲಿನಲ್ಲಿ ವಕೀಲರು ಮೂರು ಸಾಲಿನ ಪ್ರಶ್ನೆ ಹಾಕುತ್ತಾರೆ, ಅವನು ತಲೆ ಅಲ್ಲಾಡಿಸುತ್ತಾನೆ. ಹಾಳೆಯ ಮೇಲೆ ಬರುವುದು: ‘ಆರೋಪಿಯ ಮೇಲಿನ ಹಳೆಯ ದ್ವೇಷದಿಂದ ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಇಷ್ಟುದ್ದದ ವಾಕ್ಯವನ್ನು ಆ ಮನುಷ್ಯ ಜೀವಮಾನದಲ್ಲಿ ಆಡಿರಲ್ಲ. ವರ್ಷಗಳ ಮೇಲೆ ಹೈಕೋರ್ಟ್ ಓದುವುದು ಈ ಹಾಳೆಯನ್ನು. ಇನ್ನೊಬ್ಬ ಸಾಕ್ಷಿಯ ಹಾಳೆಗೂ ಇದಕ್ಕೂ ಒಂದು ಪದ ಕೂಡದಿದ್ದರೆ ಅದು ಸಾಕ್ಷಿಗಳ ಜಗಳ ಅನ್ನಿಸಿಕೊಳ್ಳುತ್ತದೆ. ಎಷ್ಟೋ ಸಲ ಅದು ಬರೆದವರ ಜಗಳ.

ರಾಜಾ ಖಾನ್ ಇಂಗ್ಲಿಷಿನಲ್ಲಿ ಮಾತಾಡಿರಲ್ಲ. ಅವನ ಮಾತು ನಮಗೆ ಸಿಕ್ಕಿರುವುದು ಇಂಗ್ಲಿಷಿನಲ್ಲಿ, ಆ ಯುದ್ಧದಲ್ಲೇ ಇದ್ದ ಬೀಟ್ಸನ್ 1800ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಂಥ ಕಡೆ. ನಡುವೆ ಒಬ್ಬ ದುಭಾಷಿ, ಒಬ್ಬ ಗುಮಾಸ್ತ, ಒಬ್ಬ ಸಾಹೇಬ. ಇವರಲ್ಲಿ ಯಾರು ‘ಮಚ್ಚು’ ಸೇರಿಸಿದರು? ಅವನು ಮೊದಲು ಏನು ಹೇಳಿದ, ಯಾವ ಪ್ರಶ್ನೆಗೆ ಹೇಳಿದ? ಗೌಡರೋ, ಸಾದಿಕ್ಕೋ ಅಂತ ಜಗಳವಾಡುವವರಲ್ಲಿ ಒಬ್ಬರಾದರೂ ಇದನ್ನು ಕೇಳಿದ್ದರೆ ಆವತ್ತಿನ ಮುದ್ದೆ ಆರಿದ್ದಕ್ಕೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಇನ್ನೊಂದನ್ನೂ ಕೇಳಬಹುದು. ಮೊಣಕಾಲ ಹತ್ತಿರ ಕತ್ತಿಯೇಟು ಬಿದ್ದ ಸಿಪಾಯಿ ಆ ರಾತ್ರಿ ಎಲ್ಲೋ ಕೂತು ಬಟ್ಟೆ ಸುತ್ತಿಸಿಕೊಂಡಿರಬೇಕು ಅಲ್ವಾ? ಡೇರೆಯಲ್ಲಿ ಡಾಕ್ಟರೂ ಇದ್ದರು. ಗಾಯಾಳುಗಳ ಪಟ್ಟಿ ಹಿಡಿದುಕೊಂಡು ಮೊಣಕಾಲಿನವನು ಯಾರು ಅಂತ ಯಾರಾದರೂ ವಿಚಾರಿಸಿದರಾ? ಈ ಪ್ರಶ್ನೆ ಹಿಡಿದು ಬರುವವರು ಗಂಜಾಂನಲ್ಲಿ ನಮ್ಮ ಮನೆ ಕೇಳಿಕೊಂಡು ಬನ್ನಿ, ಕಾಫಿ ಕೊಡುತ್ತೇನೆ. ಬೇರೆಯವರಿಗೆ ಲಿಂಕ್ ಇದೆ.