ಕೊಯ್ಲಿನ ಮನೆಯಲ್ಲಿ ಕರಡು

ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಎಲ್ಲರನ್ನೂ ಕಟ್ಟಿಕೊಂಡು ಸಾಗರದ ಹತ್ತಿರದ ತವರಿಗೆ ಬಂದಿದ್ದೇನೆ. ರಜೆ ಅಂತ ಹೆಸರಿಗಷ್ಟೆ, ಮಲೆನಾಡಿನಲ್ಲಿ ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಜಗಲಿಯ ಒಂದು ಮೂಲೆಯಲ್ಲಿ ದೊಡ್ಡಮ್ಮ ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯುತ್ತಾರೆ, ಇನ್ನೊಂದು ಮೂಲೆಯಲ್ಲಿ ನಾನು ಕೆಂಪು ಪೆನ್ನು ಹಿಡಿದು ಕಥಾಸಂಕಲನದ ಕರಡು ತಿದ್ದುತ್ತೇನೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು 'ನುಡಿ' ತಂತ್ರಾಂಶದಿಂದ ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲಾಗಿವೆ. ಹನ್ನೊಂದು ಫಾರಂ, ಅಂದರೆ 176 ಪುಟ.

"ಎಂತ ಹುಡುಕ್ತೀಯೇ ಅಷ್ಟೊತ್ತಿಂದ?"

"ತಪ್ಪು, ದೊಡ್ಡಮ್ಮ."

"ಸಿಕ್ತಾ?"

"ಸಿಗ್ತಾನೇ ಇದೆ."

"ಹಂಗಾರೆ ಬರೆದವ್ರಿಗೇ ವಾಪಸ್ ಕೊಡು!"

ಈ ವರ್ಷ ತಿದ್ದಿದ್ದು ಹದಿನಾಲ್ಕು ಪುಸ್ತಕ. ಸುಮ್ಮನೆ ಓದುಗಿಯಾಗಿ ಓದಿದ್ದು ಒಂದೂ ಇಲ್ಲ. ಕಣ್ಣು ಕಾಗುಣಿತದ ಮೇಲೇ ಓಡುತ್ತದೆ, ಕಥೆಯಲ್ಲಿ ಯಾರು ಸತ್ತರು ಅನ್ನೋದು ಬೆನ್ನುಡಿ ಬಂದಾಗಲೇ ಗೊತ್ತಾಗುವುದು. (ಸ್ವಲ್ಪ ಉತ್ಪ್ರೇಕ್ಷೆ, ಲೇಖಕರು ಮನ್ನಿಸಬೇಕು.) ಪ್ರಥಮ ಮುದ್ರಣ 2025 ಅಂತ ಹಾಕೋಣವೋ 2026 ಅಂತಲೋ ಎಂದು ಕೇಳಲು ಪ್ರಕಾಶಕರು ನಿನ್ನೆಯಿಂದ ಮೂರು ಸಲ ಫೋನ್ ಮಾಡಿದರು. ಇಲ್ಲಿ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು.

ಹತ್ತಿ ಇಳಿದು ಬರುವಷ್ಟರಲ್ಲಿ ಮಗಳು ಅಡಿಕೆ ಸುಲಿದ ಕೈಯಲ್ಲೇ ಕರಡು ತಿರುವಿಹಾಕಿದ್ದಳು. 93ನೇ ಪುಟದ ಅಂಚಿನಲ್ಲಿ ಕಂದು ಬಣ್ಣದ ಐದು ಬೆರಳು. ಅಡಿಕೆ ಕಲೆ ಬೇರೆ, ಹೋಗುವ ಪೈಕಿ ಅಲ್ಲ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲೇ ಬರೆದೆ: 'ಇದು ತಿದ್ದುಪಡಿ ಅಲ್ಲ.'